ಹಾಲು ಆಗಿಬರದ ಅಳಿಯನಿಗೆ

ಅಳಿಯಾ, ಆ ಪುಡಿಯ ಡಬ್ಬಿಯನ್ನು ತಿಪ್ಪೆಗೆ ಎಸೆಯುವ ಮುಂಚೆ ಒಂದು ಲೆಕ್ಕ ಮಾಡೋಣ. ಜಿಮ್ಮಿಗೆ ಸೇರಿದಾಗಿನಿಂದ ನಿನಗೆ ಸಂಜೆಯಾದರೆ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಡು ಅನ್ನುತ್ತದೆ, ಒಂದೊಂದು ದಿನ ಊಟಕ್ಕೆ ಕೂತವನು ಎದ್ದು ಓಡುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ದೊಡ್ಡ ಲೋಟದ ತುಂಬ ಹಾಲಿಗೆ ಒಂದು ಸ್ಕೂಪ್ ವ್ಹೇ ಪ್ರೋಟೀನ್ ಹಾಕಿ, ಗಟಗಟ ಕುಡಿಯುತ್ತೀಯಂತೆ. ಮನೆಯವರೆಲ್ಲ ಬೈಯುತ್ತಿರುವುದು ಪುಡಿಗೆ. ಆದರೆ ಕಾಲು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಸಾಧಾರಣ ವ್ಹೇ ಕಾನ್ಸಂಟ್ರೇಟಿನ 30 ಗ್ರಾಂ ಸ್ಕೂಪಿನಲ್ಲಿ ಇರುವುದು ಹೆಚ್ಚೆಂದರೆ ಎರಡು, ಎರಡೂವರೆ ಗ್ರಾಂ. ಯಾರ ಮೇಲೆ ಕೇಸು ಹಾಕಬೇಕು, ನೀನೇ ಹೇಳು.

ಲ್ಯಾಕ್ಟೋಸ್ ಅಂದರೆ ಹಾಲಿನಲ್ಲಿರುವ ಸಕ್ಕರೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಗೂಸಿಗೆ ಅದು ಧಾರಾಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಹೆಚ್ಚಿನವರಲ್ಲಿ ವರ್ಷ ಕಳೆದಂತೆ ಇಳಿಯುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಆ ಸಕ್ಕರೆ ತನ್ನ ಕಡೆಗೆ ನೀರನ್ನೂ ಎಳೆದುಕೊಳ್ಳುತ್ತದೆ, ಭೇದಿಯಾಗುವುದು ಅದಕ್ಕೆ. ಪ್ರಪಂಚದ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರದ್ದು ಇದೇ ಕಥೆ. ನಮ್ಮ ದೇಶದಲ್ಲಿ ವಾಯವ್ಯದ ದನಗಾಹಿ ಸೀಮೆಗಳಲ್ಲಿ ಹಾಲು ಅರಗಿಸಿಕೊಳ್ಳುವವರು ಹೆಚ್ಚು. ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಪಂಜಾಬಿನ ಹುಡುಗನೊಬ್ಬ ಯೂಟ್ಯೂಬಿನಲ್ಲಿ ಚೊಂಬುಗಟ್ಟಲೆ ಹಾಲು ಕುಡಿದು ತೋಳು ತೋರಿಸಿದರೆ ಅದು ಅವನ ಕರುಳಿನ ಮಾತು. ನಿನ್ನದು ನಮ್ಮ ಮನೆತನದ ಕರುಳು. ನಿಮ್ಮಜ್ಜಿ ಸಾಯುವವರೆಗೂ ಹಾಲು ಮುಟ್ಟದೆ ಮಜ್ಜಿಗೆಯಲ್ಲೇ ಬಾಳಿದವಳು.

ಮೈ ಕಟ್ಟುವುದಕ್ಕೂ ಹಾಲಿಗೂ ಗಂಟು ಹಾಕಿದ್ದು ನಮ್ಮ ಗರಡಿಮನೆಗಳು. ಮೈಸೂರು ದಸರಾ ಕುಸ್ತಿ ನೋಡಲು ಹೋದವರೆಲ್ಲ ಕೇಳಿರುತ್ತಾರೆ: ಇಂಥ ಪೈಲ್ವಾನರು ಸಾಮು ಮುಗಿಸಿ ಬಾದಾಮಿ ಅರೆದ ಹಾಲು ಇಷ್ಟು ಸೇರು ಕುಡಿಯುತ್ತಿದ್ದರು, ಮೇಲೆ ತುಪ್ಪ ಬೇರೆ. ಸುಳ್ಳೇನಲ್ಲ. ಆದರೆ ಹಾಲು ಒಗ್ಗಿದವರು ಮಟ್ಟಿಯಲ್ಲಿ ಉಳಿದರು, ಒಗ್ಗದವರು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದರು. ಕಥೆಯಾಗಿದ್ದು ಉಳಿದವರದ್ದು ಮಾತ್ರ. ಹಾಲು ಅವರಿಗೆ ಕೊಟ್ಟಿದ್ದು ಪ್ರೋಟೀನು, ಕೊಬ್ಬು, ಕ್ಯಾಲ್ಸಿಯಂ. ಈ ಮೂರೂ ಬೇರೆ ಕಡೆ ಸಿಗುತ್ತವೆ.

ಮೊದಲು ನಿನ್ನ ತೊಂದರೆ ಇದೇ ಹೌದೋ ಅಲ್ಲವೋ ನೋಡಿಕೋ. ಹಾಲು ಕುಡಿದ ತಕ್ಷಣ ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಆದರೆ ಅದು ಹಾಲಿನ ಪ್ರೋಟೀನಿನ ಅಲರ್ಜಿ. ಅಂಥವರು ಯಾವ ವ್ಹೇ ಪುಡಿಯನ್ನೂ ಮುಟ್ಟಬಾರದು, ಲ್ಯಾಕ್ಟೋಸ್ ಇಲ್ಲ ಅಂತ ಬರೆದಿದ್ದರೂ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಈ ಮಾವನ ಕಾಗದ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ನಡಿ. ಒಮ್ಮೆ ಜೋರಾಗಿ ವಾಂತಿಭೇದಿ ಆದ ಮೇಲೂ ಕೆಲವು ವಾರ ಹಾಲು ಆಗಿಬರದೆ, ಆಮೇಲೆ ತಾನೇ ಸರಿಹೋಗುವುದುಂಟು. ಖಚಿತ ಬೇಕೆಂದರೆ ದೊಡ್ಡ ಆಸ್ಪತ್ರೆಗಳಲ್ಲಿ ಉಸಿರಿನ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ.

ಮನೆಯಲ್ಲೇ ಮಾಡಬಹುದಾದ್ದು ಇಷ್ಟು. ಎರಡು ವಾರ ಹಾಲು, ಮೊಸರು, ಪುಡಿ, ಐಸ್‌ಕ್ರೀಮು, ಹಾಲಿನ ಸಿಹಿತಿಂಡಿ ಎಲ್ಲ ಬಂದ್ ಮಾಡು. ಕಾಫಿ ಕುಡಿದರೆ ಕಪ್ಪಾಗಿ ಕುಡಿ. ಹೊಟ್ಟೆ ತಣ್ಣಗಾದರೆ ಒಂದೊಂದೇ ಒಳಗೆ ಬಿಟ್ಟುಕೋ. ಮೊದಲು ಪುಡಿ, ಬರೀ ನೀರಿನಲ್ಲಿ, ಮೂರು ನಾಲ್ಕು ದಿನ. ಆಮೇಲೆ ಊಟದ ಜೊತೆ ಮೊಸರು. ಕೊನೆಗೆ ಬೇಕಿದ್ದರೆ ಅರ್ಧ ಲೋಟ ಹಾಲು, ಅದೂ ಖಾಲಿ ಹೊಟ್ಟೆಗಲ್ಲ. ಎಷ್ಟೋ ಜನರಿಗೆ ಊಟದ ಜೊತೆ ಸ್ವಲ್ಪ ಹಾಲು ಏನೂ ಮಾಡುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದೆಯೋ, ಯಾವುದು ಕಚ್ಚಿತು ಅಂತ ಗೊತ್ತಾಗದೆ ಮತ್ತೆ ಮೊದಲಿಗೇ ಬರುತ್ತೀಯ.

ಪುಡಿಯ ವಿಷಯಕ್ಕೆ ಬರೋಣ. ಪನ್ನೀರಿಗೆ ಅಂತ ಹಾಲಿಗೆ ನಿಂಬೆಹುಳಿ ಹಿಂಡಿದಾಗ ಹಸಿರು ಮಿಶ್ರಿತ ಹಳದಿ ನೀರು ಬೇರೆಯಾಗುತ್ತದಲ್ಲ, ನಿಮ್ಮಮ್ಮ ಚಪಾತಿ ಹಿಟ್ಟು ಕಲಸಲು ಎತ್ತಿಡುತ್ತಾಳೆ, ಅಂಥ ನೀರಿನಲ್ಲಿರುವ ಪ್ರೋಟೀನೇ ವ್ಹೇ. ಹಾಲಿನ ಪ್ರೋಟೀನಿನಲ್ಲಿ ಅದು ಐದರಲ್ಲಿ ಒಂದು ಪಾಲು. ಮಿಕ್ಕಿದ್ದು ಗಟ್ಟಿಯಾಗುವ ಕೇಸಿನ್. ಕಾರ್ಖಾನೆಗೆ ಬರುವುದು ಚೀಸ್ ಮಾಡಿ ಉಳಿದ ನೀರು. ಹಾಲಿನ ಸಕ್ಕರೆಯ ಬಹುಪಾಲು ಈ ನೀರಿಗೇ ಇಳಿದಿರುತ್ತದೆ. ಅದಕ್ಕೇ ಪನ್ನೀರು ನಿನಗೆ ಅಷ್ಟಾಗಿ ಕಾಡುವುದಿಲ್ಲ. ಆ ನೀರನ್ನು ಸೋಸಿ, ಒಣಗಿಸಿ, ನೂರಕ್ಕೆ 80ರಷ್ಟು ಪ್ರೋಟೀನ್ ಉಳಿಸಿದರೆ ಕಾನ್ಸಂಟ್ರೇಟ್. ಇನ್ನೂ ಸೋಸಿ 90ಕ್ಕೆ ಏರಿಸಿದರೆ ಐಸೊಲೇಟ್. ಐಸೊಲೇಟಿನಲ್ಲಿ ಲ್ಯಾಕ್ಟೋಸ್ ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಬೆಲೆ ಜಾಸ್ತಿ, ಹೊಟ್ಟೆಗೆ ಹಗುರ. ಕಾನ್ಸಂಟ್ರೇಟನ್ನು ನೀರಿನಲ್ಲಿ ಕಲಸಿ ಕುಡಿದೂ ತೊಂದರೆಯಾದರೆ ಮಾತ್ರ ಐಸೊಲೇಟಿಗೆ ದುಡ್ಡು ಹಾಕು. ಅದಕ್ಕೆ ಮುಂಚೆ ಬೇಡ.

ಡಬ್ಬಿಯ ಮುಂಬದಿ ಓದಬೇಡ, ಅದು ಜಾಹೀರಾತು. ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಪಟ್ಟಿ ನೋಡು. ಯಾವುದು ತೂಕದಲ್ಲಿ ಹೆಚ್ಚಿದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಮುಂದೆ ದೊಡ್ಡದಾಗಿ ‘ಐಸೊಲೇಟ್’ ಅಂತ ಹಾಕಿ ಹಿಂದೆ ಪಟ್ಟಿ ಕಾನ್ಸಂಟ್ರೇಟಿನಿಂದಲೇ ಶುರುವಾದರೆ ಅದು ಎರಡರ ಮಿಶ್ರಣ, ಐಸೊಲೇಟಿನ ಪಾಲು ಚಿಕ್ಕದು. ಇನ್ನೊಂದು ಉಪಾಯ ಹೇಳುತ್ತೇನೆ: ಫ್ಲೇವರ್ ಹಾಕದ ಬರೀ ವ್ಹೇ ಪುಡಿಯಲ್ಲಿ ಕಾರ್ಬೋಹೈಡ್ರೇಟ್ ಎಂದು ಬರೆದಿರುವುದೆಲ್ಲ ಹೆಚ್ಚುಕಡಿಮೆ ಲ್ಯಾಕ್ಟೋಸೇ. ಒಂದು ಸ್ಕೂಪಿಗೆ ಅರ್ಧ ಗ್ರಾಮಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ‘ಮಾಸ್ ಗೇನರ್’ ಅಂತ ದೊಡ್ಡ ಚೀಲಗಳು ಬರುತ್ತವಲ್ಲ, ಅವುಗಳ ಕಡೆ ತಿರುಗಿಯೂ ನೋಡಬೇಡ. ಅವುಗಳಲ್ಲಿ ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ, ಜೊತೆಗೆ ಎಷ್ಟೋ ಸಲ ಕೆನೆ ತೆಗೆದ ಹಾಲಿನ ಪುಡಿ. ಆ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ ಇರುತ್ತದೆ. ನಿನ್ನಂಥವನಿಗೆ ಅದನ್ನು ಮಾರುವುದು ಅನ್ಯಾಯ. ಪ್ರೋಟೀನ್ ಬಾರುಗಳಲ್ಲಿ ಸಿಹಿಗಾಗಿ ಹಾಕುವ ಮಾಲ್ಟಿಟಾಲ್, ಸಾರ್ಬಿಟಾಲ್ ಕೂಡ ಹೊಟ್ಟೆ ಉಬ್ಬಿಸುತ್ತವೆ. ಅವಕ್ಕೂ ಹಾಲಿಗೂ ಸಂಬಂಧವಿಲ್ಲ, ಬೈಗುಳ ಮಾತ್ರ ಹಾಲಿಗೇ ಬೀಳುತ್ತದೆ.

ಹಾಲಿನ ಸಹವಾಸವೇ ಬೇಡ ಅನ್ನಿಸಿದರೆ ಸೋಯಾ ಇದೆ, ಬಟಾಣಿ ಪ್ರೋಟೀನ್ ಇದೆ, ಮೊಟ್ಟೆಯ ಬಿಳಿಯ ಪುಡಿ ಇದೆ. ಬಟಾಣಿಯದ್ದು ಬಾಯಿಗೆ ಸ್ವಲ್ಪ ಮಣ್ಣುಮಣ್ಣು. ಅದರಲ್ಲಿ ಕಡಿಮೆ ಬೀಳುವ ಮಿಥಿಯೋನಿನ್ ಅಕ್ಕಿಯಲ್ಲಿದೆ, ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಬಟಾಣಿಯಲ್ಲಿದೆ. ಅದಕ್ಕೇ ಕಂಪನಿಗಳು ಎರಡನ್ನೂ ಬೆರೆಸುತ್ತವೆ. ನಾವು ಅನ್ನಕ್ಕೆ ಸಾರು ಕಲಸುವಾಗ ಮಾಡುವುದೂ ಅದನ್ನೇ ಅಲ್ಲವೇ?

ಈಗ ಎಷ್ಟು ಬೇಕು ಅನ್ನುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಹೇಳಿದ್ದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಲಾಭ ಕಾಣುತ್ತದೆ, ಅದರಾಚೆ ತಿಂದದ್ದಕ್ಕೆ ಮೈ ಅಷ್ಟಾಗಿ ಬೆಳೆಯುವುದಿಲ್ಲ. ನೀನು 60 ಕಿಲೋ. ಅಂದರೆ ದಿನಕ್ಕೆ 96 ಗ್ರಾಂ. ದಿನವಿಡೀ ತಿನ್ನುವ ಅನ್ನ, ಮುದ್ದೆ, ಚಪಾತಿಯಿಂದಲೇ 25 ಗ್ರಾಂ ಸುಮಾರು ಬರುತ್ತದೆ. ಸಾರಿಗೆ, ಪಲ್ಯಕ್ಕೆ 60 ಗ್ರಾಂ ಬೇಳೆ ಅಥವಾ ಹುರುಳಿಕಾಳು ಹಾಕಿದರೆ ಇನ್ನು 13. ಒಂದು ಹಿಡಿ ಕಡ್ಲೆಕಾಯಿ ಬೀಜಕ್ಕೆ 7. ಒಣ ಸೋಯಾ ಚಂಕ್ಸ್ 50 ಗ್ರಾಮಿಗೆ 26. ಒಟ್ಟು 71 ಆಯಿತು. ಮೊಟ್ಟೆ ತಿನ್ನುವೆಯಾದರೆ ಒಂದಕ್ಕೆ 6ರಂತೆ ನಾಲ್ಕು ಹಾಕಿಕೋ, ಡಬ್ಬಿಯ ಮುಖ ನೋಡುವುದೇ ಬೇಡ. ಮೊಟ್ಟೆ ಮುಟ್ಟುವುದಿಲ್ಲ ಅಂದರೆ ಆಗ ಉಳಿಯುವ 25 ಗ್ರಾಂ ಇದೆಯಲ್ಲ, ಅದು ಒಂದು ಸ್ಕೂಪು. ಪುಡಿಯ ಜಾಗ ಅಷ್ಟೇ. ದಿನಕ್ಕೆ ಮೂರು ಸ್ಕೂಪ್ ಹಾಕಿ ಊಟ ಬಿಡುವ ಹುಡುಗರನ್ನು ಪಿ.ಟಿ. ಮೇಷ್ಟ್ರಾಗಿದ್ದಾಗ ಬೇಕಾದಷ್ಟು ನೋಡಿದ್ದೇನೆ; ತೋಳಿಗಿಂತ ಅವರ ಅಪ್ಪಂದಿರ ಸಾಲ ಬೇಗ ಬೆಳೆಯಿತು.

ಸೋಯಾ ಚಂಕ್ಸ್ ಮಾಡುವುದು ನಿನಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳು. ಕುದಿಯುವ ನೀರಿಗೆ ಉಪ್ಪು ಹಾಕಿ ಹತ್ತು ನಿಮಿಷ ನೆನೆಸು. ಉಬ್ಬಿದ ಮೇಲೆ ಎರಡೂ ಅಂಗೈ ನಡುವೆ ಇಟ್ಟು ಬಿಗಿಯಾಗಿ ಹಿಂಡು. ನೊರೆನೊರೆಯಾದ ನೀರು ಬರುತ್ತದೆ, ಅದನ್ನು ಚೆಲ್ಲು. ಮತ್ತೆ ತಣ್ಣೀರು ಹಾಕಿ ಇನ್ನೊಮ್ಮೆ ಹಿಂಡು. ಹಸಿ ವಾಸನೆ ಹೋಗುವುದು ಈ ಎರಡನೇ ಸಲಕ್ಕೆ. ಆಮೇಲೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸಿನ ಪುಡಿ ಹಾಕಿ ಬಾಣಲೆಯಲ್ಲಿ ತಳ ಹಿಡಿಯುವವರೆಗೆ ಹುರಿ. ಕಾಳುಗಳೂ ಹಾಗೇ, ರಾತ್ರಿ ನೆನೆಸಿ ನೀರು ಚೆಲ್ಲಿದರೆ ಗ್ಯಾಸ್ ಮಾಡುವ ಸಕ್ಕರೆಗಳು ಸ್ವಲ್ಪ ಹೊರಟುಹೋಗುತ್ತವೆ. ಕಾಳು ತಿಂದ ದಿನ ಹೊಟ್ಟೆ ಉಬ್ಬಿದರೆ ಅದನ್ನು ಲ್ಯಾಕ್ಟೋಸಿನ ಖಾತೆಗೆ ಬರೆಯಬೇಡ.

ಆ ಎರಡು ವಾರದ ಪರೀಕ್ಷೆ ಮುಗಿದ ಮೇಲೆ ಮೊಸರನ್ನು ಮಾತ್ರ ಬಿಡಬೇಡ. ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನಲ್ಲಿ ಒಂದು ಪಾಲನ್ನು ಬ್ಯಾಕ್ಟೀರಿಯಾಗಳೇ ತಿಂದಿರುತ್ತವೆ, ಹೊಟ್ಟೆಗೆ ಇಳಿದ ಮೇಲೂ ಅವು ಉಳಿದದ್ದನ್ನು ಒಡೆಯಲು ನೆರವಾಗುತ್ತವೆ. ನೀನು ಸಸ್ಯಾಹಾರಿಯಾಗಿ ಮೊಸರನ್ನೂ ಬಿಟ್ಟರೆ ಬಿ12 ವಿಟಮಿನ್ ಬರುವ ಮುಖ್ಯ ದಾರಿಯೇ ಮುಚ್ಚುತ್ತದೆ; ಬಿಡಲೇಬೇಕಾದರೆ ರಕ್ತಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದ ಮಾತ್ರೆ ತಗೋ. ಕ್ಯಾಲ್ಸಿಯಂ ಚಿಂತೆ ನಮ್ಮ ಸೀಮೆಯವರಿಗೆ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಎಳ್ಳು, ನುಗ್ಗೆಸೊಪ್ಪು ಬೇರೆ. ಹಾಲೇ ಬೇಕು ಅನ್ನಿಸಿದರೆ ಲ್ಯಾಕ್ಟೋಸ್ ಒಡೆದ ಹಾಲು ಪ್ಯಾಕೆಟಿನಲ್ಲಿ ಸಿಗುತ್ತದೆ, ತುಸು ಸಿಹಿ ಹೆಚ್ಚು. ಲ್ಯಾಕ್ಟೇಸ್ ಮಾತ್ರೆಯೂ ಇದೆ, ಮದುವೆಮನೆಯ ಪಾಯಸಕ್ಕೆ ಅಂತ ಇಟ್ಟುಕೋ.

ಡಬ್ಬಿಗಳಲ್ಲಿ ನಾನು ಒಪ್ಪುವ ಇನ್ನೊಂದೇ ಒಂದು ಕ್ರಿಯೇಟಿನ್ ಮೋನೋಹೈಡ್ರೇಟ್. ಲ್ಯಾಕ್ಟೋಸ್ ಇಲ್ಲ, ಅಗ್ಗ. ದಿನಕ್ಕೆ 3ರಿಂದ 5 ಗ್ರಾಂ ಸಾಕು. ಮಾಂಸ ತಿನ್ನದವರ ಸ್ನಾಯುಗಳಲ್ಲಿ ಅದು ಮೊದಲೇ ಕಡಿಮೆ ಇರುವುದರಿಂದ ಅವರಿಗೆ ಗುಣ ಚೆನ್ನಾಗಿ ಕಾಣುತ್ತದೆ. ಮೊದಲ ವಾರ ದಿನಕ್ಕೆ 20 ಗ್ರಾಂ ತಿನ್ನು ಅಂತ ಜಿಮ್ಮಿನಲ್ಲಿ ಹೇಳುತ್ತಾರೆ. ಅಷ್ಟನ್ನು ಒಟ್ಟಿಗೆ ತಿಂದರೆ ಗಟ್ಟಿ ಹೊಟ್ಟೆಯವನಿಗೂ ಭೇದಿಯಾಗಬಹುದು, ನಿನಗೆ ಆ ಗೊಂದಲ ಬೇಡ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ರಕ್ತಪರೀಕ್ಷೆಗೆ ಹೋದಾಗ ಕ್ರಿಯೇಟಿನ್ ತಿನ್ನುತ್ತಿದ್ದೇನೆ ಅಂತ ಹೇಳು, ಇಲ್ಲದಿದ್ದರೆ ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯೇಟಿನಿನ್ ಅಂಕಿ ತುಸು ಮೇಲಿರುವುದನ್ನು ನೋಡಿ ಸುಮ್ಮನೆ ಗಾಬರಿ. ಬಿಸಿಎಎ ಅಂತ ಬಣ್ಣದ ನೀರು ಮಾರುತ್ತಾರೆ. ಪ್ರೋಟೀನ್ ಸರಿಯಾಗಿ ತಿನ್ನುವವನಿಗೆ ಅದು ದಂಡ.

ಕೊಳ್ಳುವಾಗ ಎಚ್ಚರ. 2024ರಲ್ಲಿ ಕೇರಳದ ವೈದ್ಯರ ತಂಡ ನಮ್ಮ ದೇಶದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿ ನೋಡಿತು: ನೂರಕ್ಕೆ ಸುಮಾರು 70 ಪಾಲು ಡಬ್ಬಿಗಳಲ್ಲಿ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ಹೊಂದಿಕೆ ಇರಲಿಲ್ಲ. ಕೆಲವದರಲ್ಲಿ ಬರೆದ ಪ್ರೋಟೀನಿನ ಅರ್ಧವಷ್ಟೇ ಇತ್ತು, ಕೆಲವದರಲ್ಲಿ ಬೂಷ್ಟಿನ ವಿಷ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ ವರ್ಷ ಹೊರತಂದ ಆಹಾರ ಮಾರ್ಗಸೂಚಿಯಲ್ಲಂತೂ ಮೈ ಬೆಳೆಸಲು ಪುಡಿ ತಿನ್ನಲೇಬೇಡಿ ಅಂದಿದೆ. ನಾನು ಅಷ್ಟು ಕಟ್ಟುನಿಟ್ಟಲ್ಲ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇಲ್ಲದ, ಸೀಲು ಒಡೆದ, ಜಿಮ್ಮಿನವನು ಚೀಲದಿಂದ ಸುರಿದು ಕೊಡುವ ಪುಡಿ ಮಾತ್ರ ಬೇಡ.

ನಿದ್ದೆ ಮಾಡು, ವಾರ ವಾರ ಎತ್ತುವ ಭಾರ ಸ್ವಲ್ಪ ಸ್ವಲ್ಪ ಏರಿಸು. ಇದನ್ನು ನಿನಗೆ ನೂರು ಜನ ಹೇಳಿರುತ್ತಾರೆ.

ಕಡೆಯದಾಗಿ ಒಂದು ಮಾತು. ನಿನ್ನಂತೆ ಹೊಟ್ಟೆ ಕೆಟ್ಟ ಹುಡುಗರ ಹತ್ತಿರ ಕೆಲವು ಟ್ರೈನರುಗಳು ಬಂದು ‘ನಿನಗೆ ಪುಡಿ ಆಗಿಬರಲ್ಲ ಕಣೋ, ಒಂದು ಕೋರ್ಸ್ ಇಂಜೆಕ್ಷನ್ ತಗೋ, ಮೂರು ತಿಂಗಳಲ್ಲಿ ರೆಡಿ’ ಅನ್ನುತ್ತಾರೆ. ಅದು ಸ್ಟಿರಾಯ್ಡ್. ವೃಷಣ ಕುಗ್ಗಿಸುತ್ತದೆ, ಹೃದಯವನ್ನು ಹಾಳುಮಾಡುತ್ತದೆ, ತಿನ್ನುವ ಮಾತ್ರೆಯ ರೂಪದಲ್ಲಾದರೆ ಲಿವರನ್ನೂ ಬಿಡುವುದಿಲ್ಲ. ಯಾರಾದರೂ ಆ ಮಾತು ತೆಗೆದ ದಿನವೇ ಆ ಜಿಮ್ಮು ಬಿಟ್ಟು ಬಾ. ಕಟ್ಟಿದ ಫೀಸು ವಾಪಸು ಬರದಿದ್ದರೆ ಬೇಡ, ಬೇರೆ ಜಿಮ್ಮಿನದ್ದು ನಾನು ಕಟ್ಟುತ್ತೇನೆ.