ಜೋಗ ನೋಡದ 38,000 ರೂಪಾಯಿ

‘ಸಾಗರದ ತನಕ ಹೋಗಿ ಜೋಗ ನೋಡ್ದೆ ಬಂದ್ರಾ?’ ಭಾವ ಮೊದಲ ಸಲ ಕೇಳಿದಾಗ ನಗುತ್ತಿದ್ದರು. ನಾಲ್ಕು ಜನಕ್ಕೆ 38,000 ರೂಪಾಯಿ ಆಯಿತು ಎಂದ ಮೇಲೆ ನಗಲಿಲ್ಲ. ಇಕ್ಕೇರಿ ಇಲ್ಲ, ಕೆಳದಿ ಇಲ್ಲ, ಸಿಗಂದೂರು ಇಲ್ಲ. ಸಿಗಂದೂರಿಗೆ ಸೇತುವೆಯಾಗಿ ಲಾಂಚಿಗೆ ಕಾಯುವ ತಾಪತ್ರಯವೇ ತಪ್ಪಿದೆ, ಅಲ್ಲಿಗಾದರೂ ಹೋಗಿಬರಬಾರದಿತ್ತೇ ಎಂಬುದು ಅಕ್ಕನ ಸಂಕಟ. ಅಷ್ಟು ದುಡ್ಡು ಸುರಿದು ಏನು ಮಾಡಿದಿರಿ ಎಂದು ಈಗಲೂ ಕೇಳುತ್ತಾರೆ. ಏನೂ ಮಾಡಲಿಲ್ಲ. ದುಡ್ಡು ಕೊಟ್ಟಿದ್ದೇ ಅದಕ್ಕೆ.

ದಸರಾ ರಜೆಯಲ್ಲಿ ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಸಾಗರದಲ್ಲಿ ಇಳಿದು, ಅಡಿಕೆ ತೋಟದ ನಡುವಿನ ಒಂದು ಹೋಮ್‌ಸ್ಟೇಗೆ ಹೋದೆವು. ದೊಡ್ಡವರಿಗೆ ದಿನಕ್ಕೆ 2,500, ಮಕ್ಕಳಿಗೆ ಅದರ ಅರ್ಧ, ಊಟ ತಿಂಡಿ ಎಲ್ಲ ಸೇರಿ. ನಾಲ್ಕು ರಾತ್ರಿಗೆ 30,000. ರೈಲು ಮತ್ತು ಸ್ಟೇಷನ್ನಿನಿಂದ ಹೋಗಿಬರುವ ಗಾಡಿಗೆ 8,000. ಇದಕ್ಕಿಂತ ಕಡಿಮೆಗೆ ಸಾಗರ ಪೇಟೆಯಲ್ಲೇ ಲಾಡ್ಜು ಸಿಗುತ್ತಿತ್ತು. ಆದರೆ ಲಾಡ್ಜಿನ ಕೋಣೆಯಲ್ಲಿ ಹಗಲಿಡೀ ಕೂರಲಾಗದು. ಹೊರಗೆ ಹೊರಡಲೇಬೇಕು, ಹೊರಟರೆ ಗಾಡಿ, ಗಾಡಿ ಬಂದರೆ ನೋಡುವ ಜಾಗಗಳ ಪಟ್ಟಿ. ನಾನು ಹೆಚ್ಚಿಗೆ ಕೊಟ್ಟದ್ದು ತೋಟದ ಮನೆಯ ಜಗಲಿಗೆ ಮತ್ತು ‘ಮಧ್ಯಾಹ್ನ ಊಟಕ್ಕೆ ಎಲ್ಲಿಗೆ ಹೋಗೋಣ’ ಎಂಬ ಚರ್ಚೆ ಇಲ್ಲದಿರುವುದಕ್ಕೆ.

ಮೊದಲ ಸಂಜೆ ಮನೆಯೊಡತಿ ‘ನಾಳೆ ಎಲ್ಲಿಗೆ? ಜೀಪಿಗೆ ಹೇಳ್ಲಾ?’ ಎಂದು ಕೇಳಿದರು. ಬೇಡ ಎಂದೆವು. ಎರಡನೆಯ ಸಂಜೆಯೂ ಬೇಡ ಎಂದಾಗ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು. ಮಕ್ಕಳು ಹಳ್ಳದಲ್ಲಿ ಒದ್ದೆಯಾದರು, ಅಪ್ಪೆಹುಳಿ ಕುಡಿಯುವುದು ಕಲಿತರು, ಮೂರನೆಯ ದಿನ ‘ಬೋರು’ ಎಂದು ಗೊಣಗಿ ನಾಲ್ಕನೆಯ ದಿನ ಆ ಮಾತು ಮರೆತರು. ನಾನು ಹಗಲು ನಿದ್ದೆ ಮಾಡಿದೆ.

ಈಗ ಲೆಕ್ಕಕ್ಕೆ ಬರೋಣ. ಭಾವ ಅದೇ ರಜೆಗೆ ಹಾಕಿಕೊಟ್ಟಿದ್ದ ಯೋಜನೆ ಇದು: ಬೆಂಗಳೂರು, ಜೋಗ, ಸಿಗಂದೂರು, ಕೊಲ್ಲೂರು, ಮುರ್ಡೇಶ್ವರ, ಉಡುಪಿ, ಶೃಂಗೇರಿ, ಹೊರನಾಡು, ವಾಪಸ್. ನಾಲ್ಕು ದಿನ, ಊರೊಳಗಿನ ಓಡಾಟವೂ ಸೇರಿ ಸುಮಾರು 1,200 ಕಿಲೋಮೀಟರ್. ಬಾಡಿಗೆ ಕಾರಿಗೆ ಕಿಲೋಮೀಟರಿಗೆ 14 ರೂಪಾಯಿಯಂತೆ 16,800. ಡ್ರೈವರ್ ಬಾಟಾ 2,000. ಮೂರು ರಾತ್ರಿಯ ಕೋಣೆ 9,000. ಊಟ ತಿಂಡಿ 8,000. ಒಟ್ಟು 35,800. ನನ್ನದಕ್ಕಿಂತ 2,200 ಕಡಿಮೆ, ಏಳು ಊರು ಹೆಚ್ಚು. ಭಾವ ಗೆದ್ದಂತೆ ಕಾಣುತ್ತದೆ.

ಗಂಟೆ ಎಣಿಸಿ ನೋಡಿ. ದಿನಕ್ಕೆ ಎಚ್ಚರವಿರುವುದು 15 ಗಂಟೆ, ನಾಲ್ಕು ದಿನಕ್ಕೆ 60. ಘಾಟಿ, ಊರು, ಉಬ್ಬು ಎಲ್ಲ ಸೇರಿ ಗಂಟೆಗೆ 45 ಕಿಲೋಮೀಟರ್ ಸರಾಸರಿ ಬಿದ್ದರೆ ಕಾರಿನಲ್ಲೇ 27 ಗಂಟೆ. ದರ್ಶನದ ಸರದಿ, ಬ್ಯಾಗು ಕಟ್ಟುವುದು ಬಿಚ್ಚುವುದು, ಹೋಟೆಲಿನಲ್ಲಿ ಟೇಬಲ್ಲಿಗೆ ಕಾಯುವುದು ದಿನಕ್ಕೆ ಮೂರರಂತೆ 12 ಗಂಟೆ. ಉಳಿದದ್ದು 21. 35,800ನ್ನು 21ರಿಂದ ಭಾಗಿಸಿದರೆ ನೆಮ್ಮದಿಯ ಒಂದು ಗಂಟೆಗೆ 1,705 ರೂಪಾಯಿ. ನನ್ನದು: ರೈಲಿನ ಪ್ರಯಾಣ ನಿದ್ದೆಯಲ್ಲಿ ಮುಗಿದದ್ದರಿಂದ ಐದು ಪೂರ್ತಿ ಹಗಲು, 75 ಗಂಟೆ. ಹೋಗುವ ಬರುವ ಗಡಿಬಿಡಿಗೆ ಐದು ಕಳೆದರೆ 70. ಗಂಟೆಗೆ 543.

‘ಕಾರಿನಲ್ಲಿ ಅಂತ್ಯಾಕ್ಷರಿ ಹಾಡೋದು ಖುಷಿ ಅಲ್ವಾ?’ ಎಂದರು ಭಾವ. ಆಗಲಿ, ಕಾರಿನ ಗಂಟೆಗಳ ಅರ್ಧವನ್ನು ಖುಷಿಯ ಖಾತೆಗೆ ಹಾಕಿದೆ, 1,038ಕ್ಕೆ ಇಳಿಯಿತು. ತಲೆಸುತ್ತಿ ವಾಂತಿ ಮಾಡಿಕೊಳ್ಳುವ ಮಗುವಿನ ಗಂಟೆಗಳನ್ನೂ ಸೇರಿಸಿ 27ಕ್ಕೆ 27ನ್ನೂ ಬಿಟ್ಟುಕೊಟ್ಟೆ. ಆಗಲೂ 746. ದೇವರ ದರ್ಶನವೇ ಬೇಕೆನ್ನುವವರ ಜೊತೆ ನನ್ನ ಜಗಳವಿಲ್ಲ. ಅವರು ಯಾತ್ರೆ ಮಾಡಲಿ, ಯಾತ್ರೆಯ ಖರ್ಚನ್ನು ಯಾತ್ರೆ ಎಂದೇ ಬರೆಯಲಿ. ವಿಶ್ರಾಂತಿಯ ಖಾತೆಯಲ್ಲಿ ಬರೆದು ಆಮೇಲೆ ಮೈಕೈ ನೋವೆಂದು ಕೊರಗುವುದು ಬೇಡ.

ಉಳಿದ ವಿಷಯಗಳು ಚುಟುಕು. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ದಸರಾಕ್ಕೆ ಹೊರಡುವವರು ಬುಕಿಂಗ್ ತೆರೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೋಟೆಲ್ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗೆ ಜಿಎಸ್‌ಟಿ ಶೇ 5, ಅದು ದಾಟಿದರೆ ಶೇ 18. 7,600ರ ಕೋಣೆ ತೋರಿಸಿದರೆ ಚೌಕಾಸಿ ಮಾಡಿ. ರದ್ದು ಮಾಡಲು ಬಾರದ ದರ ಕಡಿಮೆ ಎಂದು ಮೋಹಗೊಳ್ಳಬೇಡಿ. ಹೊರಡುವ ಹಿಂದಿನ ದಿನ ಮಗುವಿಗೆ ಜ್ವರ ಬಂದರೂ ಹೊರಡಿಸುವ ಶಕ್ತಿ ಆ ದರಕ್ಕಿದೆ. ತೆರಿಗೆ ವಿನಾಯಿತಿಯ ಬ್ಲಾಕ್ ಅವಧಿ ಮುಗಿಯುತ್ತದೆಂದು ರಜಾ ಪ್ರಯಾಣ ಭತ್ಯೆಗಾಗಿ (ಎಲ್‌ಟಿಎ) ಓಡುವವರಿಗೆ ಒಂದೇ ಮಾತು: ವಿನಾಯಿತಿ ಪ್ರಯಾಣದ ಟಿಕೆಟ್ಟಿಗೆ ಮಾತ್ರ, ಕೋಣೆಗೂ ಊಟಕ್ಕೂ ಅಲ್ಲ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ. ತೆರಿಗೆ ಉಳಿಸಲು ಸುತ್ತಾಡಬೇಡಿ.

ಇನ್ನು ಮಾಲ್‌ನಲ್ಲಿ ಕೂಪನ್ ತುಂಬಿಸಿಕೊಂಡು, ನಿಮಗೆ ಬಹುಮಾನ ಬಂದಿದೆ, ದಂಪತಿ ಸಮೇತ ಬನ್ನಿ ಎಂದು ಕರೆಯುವ ಹಾಲಿಡೇ ಮೆಂಬರ್‌ಶಿಪ್. ಇದರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಇಪ್ಪತ್ತೈದು ವರ್ಷದ ಬಾಡಿಗೆಯನ್ನು ಇವತ್ತೇ ಕಟ್ಟಿ, ಮೇಲೆ ವರ್ಷವರ್ಷವೂ ಏರುವ ನಿರ್ವಹಣಾ ಶುಲ್ಕ (ಎಎಂಸಿ) ಕಟ್ಟಿ, ಬೇಸಿಗೆ ರಜೆಗೆ ಕೋಣೆ ಕೇಳಿದರೆ ನಿಮ್ಮ ಮೆಂಬರ್‌ಶಿಪ್ಪಿನ ಬಣ್ಣಕ್ಕೆ ಆ ಸೀಸನ್ ಸಿಗದು ಎಂಬ ಉತ್ತರ ಕೇಳುವುದು ಹೂಡಿಕೆಯಂತೆ! ಆ ಮೊತ್ತಕ್ಕೆ ಬರಬೇಕಾದ ಎಫ್‌ಡಿ ಬಡ್ಡಿಗೆ ಎಎಂಸಿ ಕೂಡಿಸಿ, ಸಿಗುವ ರಾತ್ರಿಗಳಿಂದ ಭಾಗಿಸಿ, ಸಹಿ ಹಾಕುವುದನ್ನು ಅದಾದ ಮೇಲೆ ಯೋಚಿಸಿ. ಅಸಲು ವಾಪಸ್ ಬರುವುದಿಲ್ಲ ಎನ್ನುವುದನ್ನು ಬೇರೆಯಾಗಿ ನೆನಪಿಡಿ. ‘ಈ ವರ್ಷದ ರಾತ್ರಿ ವ್ಯರ್ಥವಾಗ್ತವೆ’ ಎಂದು ಮನಸ್ಸಿಲ್ಲದೆ ಹೊರಡುವವರನ್ನು ನಾನು ನೋಡಿದ್ದೇನೆ. ರಜೆಯನ್ನೂ ಬಾಕಿ ತೀರಿಸಿದಂತೆ ಮುಗಿಸಬೇಕೇ?

ಪ್ರವಾಸದ ಇಎಂಐ ಕೂಡ ಇದೇ ಜಾತಿಯದು. ಅದರ ಬದಲು ನಾವು ತಿಂಗಳಿಗೆ 3,200ರ ಆರ್‌ಡಿ ಕಟ್ಟುತ್ತೇವೆ. ಹನ್ನೆರಡು ಕಂತಿಗೆ 38,400, ಬಡ್ಡಿ ಮೇಲಿನ ಮಾತು. ಹೊರಡುವ ಮೊದಲೇ ಖರ್ಚು ತೀರಿರುವುದರಿಂದ ಅಲ್ಲಿ ಕೂತು ಯಾರೂ ಕೂಡಿ ಕಳೆಯಬೇಕಿಲ್ಲ.

ದುಡ್ಡು ಸರಿಹೋದರೂ ಅಭ್ಯಾಸ ಸರಿಹೋಗದಿದ್ದರೆ ಫಲವಿಲ್ಲ. ಆಫೀಸಿನ ಗ್ರೂಪಿಗೆ ‘ತುರ್ತಿದ್ದರೆ ಫೋನ್ ಮಾಡಿ’ ಎಂದು ಬರೆದುಬಿಟ್ಟು ಹೋಗುವವರಿಗೆ ಎಲ್ಲವೂ ತುರ್ತೇ. ಹಾಗೆ ಬರೆಯಬೇಡಿ. ಭಾನುವಾರ ರಾತ್ರಿ ಮನೆ ತಲುಪಿ ಸೋಮವಾರ ಕೆಲಸಕ್ಕೆ ಓಡುವಂತೆ ಟಿಕೆಟ್ ಮಾಡಬೇಡಿ, ಶನಿವಾರವೇ ಬನ್ನಿ. ಸ್ಟೇಟಸ್‌ಗೆ ಫೋಟೋ ಹಾಕಿದರೆ ‘ಅಲ್ಲೇ ಪಕ್ಕದಲ್ಲಿ ಒಂದು ಜಾಗ ಇದೆ, ತಪ್ಪಿಸ್ಬೇಡಿ’ ಎಂಬ ಸಲಹೆಗಳು ಸುರಿಯುತ್ತವೆ, ಅದನ್ನೂ ಬಂದ ಮೇಲೆ ಹಾಕಿ. ಮುಖ್ಯವಾಗಿ, ಬಜೆಟ್ ಬರೆಯುವಾಗ ಟಿಕೆಟ್, ಕೋಣೆ, ಊಟದ ಕೆಳಗೆ ‘ಏನೂ ಮಾಡದ ದಿನ’ ಎಂದು ಒಂದು ಸಾಲು ಬರೆದು, ಅದರ ಮುಂದೆ ನಿಜವಾದ ಮೊತ್ತ ಹಾಕಿ. ಆ ಸಾಲು ಖಾಲಿ ಬಿಟ್ಟರೆ ಒಂದು ಜಲಪಾತವೋ ಒಂದು ದೇವಸ್ಥಾನವೋ ನಿಮ್ಮ ಭಾವನ ರೂಪದಲ್ಲಿ ಬಂದು ಅಲ್ಲಿ ಕೂರುತ್ತದೆ.