ಮಗು ಬೆಳೆದಂತೆ ಮನೆಯ ಹೊತ್ತೂ ಬದಲಾಗಬೇಕು

ಮೊದಲ ಮಗು ಹುಟ್ಟಿದ ಎರಡು ಮೂರು ತಿಂಗಳು ಮನೆಯವರಿಗೆ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ತಿಳಿಯುವುದಿಲ್ಲ. ಆಮೇಲೆ ನಿಧಾನವಾಗಿ ಒಂದು ಕ್ರಮ ಕೂಡಿಬರುತ್ತದೆ. ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕುವುದು, ನೀರಾದ ಮೇಲೆ ಹಾಲು, ಹಾಲು ಕುಡಿದು ತೊಟ್ಟಿಲಲ್ಲಿ ಒಂದು ಒಳ್ಳೆಯ ನಿದ್ದೆ, ಆ ಹೊತ್ತಿಗೆ ಅಮ್ಮನ ಊಟ. ಅಂತೂ ಎಲ್ಲ ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಮಗು ತೊಟ್ಟಿಲಲ್ಲಿ ಎದ್ದು ಕೂರುತ್ತದೆ, ಕೊಟ್ಟ ಸರಿಯನ್ನು ತಳ್ಳುತ್ತದೆ, ರಾತ್ರಿ ಹತ್ತಾದರೂ ಕಣ್ಣು ಮುಚ್ಚುವುದಿಲ್ಲ.

‘ಇಷ್ಟು ದಿನ ಚೆನ್ನಾಗೇ ಇತ್ತಲ್ಲ ಟೀಚರ್, ಈಗೇನಾಯ್ತು?’ ಎಂದು ಕೇಳುವ ತಂದೆತಾಯಿ ನನಗೆ ಪ್ರತಿ ವರ್ಷ ಸಿಗುತ್ತಾರೆ. ಬಹುಪಾಲು ಸಂದರ್ಭದಲ್ಲಿ ಆಗಿರುವುದು ಇಷ್ಟೇ: ಮಗು ಬೆಳೆದಿದೆ, ದಿನಚರಿ ಮಾತ್ರ ಮೂರು ತಿಂಗಳ ಹಿಂದಿನ ಮಗುವಿಗೆ ಮಾಡಿದ್ದು. ಹೊಸದಾಗಿ ತಂದೆತಾಯಿ ಆದವರು ಇದನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ. ಒಂದು ಸೂತ್ರವನ್ನು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ: ಗಂಟೆ ಬದಲಾಗಲಿ, ಅನುಕ್ರಮ ಉಳಿಯಲಿ.

ನಿದ್ದೆಯ ಲೆಕ್ಕ

ಮೊದಲು ಅಲುಗಾಡುವುದು ನಿದ್ದೆ. ಹುಟ್ಟಿದ ಮಗುವಿನ ದೇಹಕ್ಕೆ ಹಗಲು ರಾತ್ರಿಯ ಅರಿವು ಇರುವುದಿಲ್ಲ. ಕತ್ತಲಾದಾಗ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಮಗುವಿನಲ್ಲಿ ಹೊತ್ತಿಗೆ ಸರಿಯಾಗಿ ಸ್ರವಿಸತೊಡಗುವುದೇ ಎರಡು ಮೂರು ತಿಂಗಳಾದ ಮೇಲೆ. ಇದರ ಜೊತೆಗೆ ಇನ್ನೊಂದು ವ್ಯವಸ್ಥೆಯೂ ಕೆಲಸ ಮಾಡುತ್ತದೆ. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದೆ. ಎಳೆಯ ಮಗುವಿನಲ್ಲಿ ಅದು ಬಹಳ ಬೇಗ ಏರುವುದರಿಂದ ಒಂದೆರಡು ಗಂಟೆ ಆಡಿದರೆ ಸಾಕು, ಕಣ್ಣುಜ್ಜಿಕೊಳ್ಳುತ್ತದೆ. ಮಿದುಳು ಬೆಳೆದಂತೆ ಈ ಏರಿಕೆ ನಿಧಾನವಾಗುತ್ತದೆ, ಮಗು ಹೆಚ್ಚು ಹೊತ್ತು ಎಚ್ಚರವಿರಬಲ್ಲದು. ಹಗಲು ನಿದ್ದೆ ಒಂದೊಂದಾಗಿ ಕಳಚಿಕೊಳ್ಳುವುದಕ್ಕೆ ಕಾರಣ ಇದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಹೊರಡಿಸಿತು. ಹಗಲಿನ ನಿದ್ದೆಯನ್ನೂ ಸೇರಿಸಿ, ದಿನಕ್ಕೆ ಮೂರು ತಿಂಗಳವರೆಗೆ 14ರಿಂದ 17 ಗಂಟೆ, 4ರಿಂದ 11 ತಿಂಗಳವರೆಗೆ 12ರಿಂದ 16, ಒಂದು ಮತ್ತು ಎರಡನೆಯ ವಯಸ್ಸಿನಲ್ಲಿ 11ರಿಂದ 14, ಮೂರು ಮತ್ತು ನಾಲ್ಕನೆಯ ವಯಸ್ಸಿನಲ್ಲಿ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ಅದರಲ್ಲಿದೆ. ಒಂದೇ ವಯಸ್ಸಿನ ಎರಡು ಮಕ್ಕಳ ನಡುವೆ ಮೂರು ಗಂಟೆಯ ವ್ಯತ್ಯಾಸ ಇರಬಹುದು, ಇಬ್ಬರೂ ಆರೋಗ್ಯವಾಗಿಯೇ ಇರಬಹುದು. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಕೊರಗುವ ಮೊದಲು ಇದನ್ನು ನೆನೆಯಿರಿ.

ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ನಡುವೆ ಹಗಲಿನ ಮೂರು ನಿದ್ದೆ ಎರಡಾಗುತ್ತದೆ. ಒಂದರಿಂದ ಒಂದೂವರೆ ವರ್ಷದ ನಡುವೆ ಎರಡು ಒಂದಾಗುತ್ತದೆ. ಮೂರರಿಂದ ಐದು ವರ್ಷದೊಳಗೆ ಹೆಚ್ಚಿನ ಮಕ್ಕಳು ಹಗಲು ನಿದ್ದೆಯನ್ನೇ ಬಿಡುತ್ತಾರೆ. ಮನೆಯವರನ್ನು ಹೆಚ್ಚು ಸುಸ್ತು ಮಾಡುವುದು ಈ ಕೊನೆಯ ಹಂತ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಮೂರೂವರೆ ವರ್ಷದ ಹುಡುಗಿ. ಮಧ್ಯಾಹ್ನ ಅನ್ನ ಸಾರು ಉಂಡಾಗಿದೆ. ಅಜ್ಜಿ ಚಾಪೆ ಹಾಸಿ ಪಕ್ಕದಲ್ಲಿ ಮಲಗಿಸಿಕೊಂಡಿದ್ದಾರೆ. ಹುಡುಗಿ ಅಜ್ಜಿಯ ಬಳೆಗಳನ್ನು ಒಂದೊಂದಾಗಿ ಮೇಲಕ್ಕೂ ಕೆಳಕ್ಕೂ ಸರಿಸುತ್ತಾಳೆ, ಕಾಲನ್ನು ಗೋಡೆಗೆ ಆನಿಸಿ ನಡೆಸುತ್ತಾಳೆ, ನೀರು ಕೇಳುತ್ತಾಳೆ. ಮುಕ್ಕಾಲು ಗಂಟೆಯಾದರೂ ನಿದ್ದೆಯ ಸುಳಿವಿಲ್ಲ. ಅಜ್ಜಿಗೇ ಜೊಂಪು ಹತ್ತಿದ ಮೇಲೆ ಮೆಲ್ಲಗೆ ಎದ್ದು ಹೋಗುತ್ತಾಳೆ. ಸಂಜೆ ಐದೂವರೆಗೆ ಅಂಗಡಿಗೆ ಹೋದ ಅಪ್ಪನ ಸ್ಕೂಟರ್ ಮೇಲೆ ತೂಕಡಿಸಿ, ಮನೆಗೆ ಬರುವಷ್ಟರಲ್ಲಿ ಗಾಢ ನಿದ್ದೆ. ಪಾಪ, ಮಲಗಲಿ ಎಂದು ಬಿಡುತ್ತಾರೆ. ಏಳು ಗಂಟೆಗೆ ಎದ್ದವಳು ರಾತ್ರಿ ಹತ್ತೂವರೆಗೂ ಮನೆಯ ತುಂಬ ಓಡಾಡುತ್ತಾಳೆ. ಬೆಳಿಗ್ಗೆ ತಡವಾಗಿ ಏಳುತ್ತಾಳೆ, ಮಧ್ಯಾಹ್ನ ಮತ್ತೆ ನಿದ್ದೆ ಬರುವುದಿಲ್ಲ.

ಇದನ್ನು ಹಟ ಎಂದು ತಿಳಿಯಬೇಡಿ. ಅವಳ ದೇಹ ಎರಡು ಹಂತಗಳ ನಡುವೆ ನಿಂತಿದೆ: ಹಗಲು ನಿದ್ದೆ ಪೂರ್ತಿ ಬೇಡ, ಆದರೆ ರಾತ್ರಿಯವರೆಗೆ ತಡೆಯಲೂ ಆಗುತ್ತಿಲ್ಲ. ಇಂಥ ಮನೆಗೆ ನಾನು ಹೇಳುವುದು ನಾಲ್ಕು ಮಾತು. ಬೆಳಿಗ್ಗೆ ಏಳಿಸುವ ಹೊತ್ತನ್ನು ಭಾನುವಾರವೂ ಸೇರಿ ಒಂದೇ ಇಡಿ. ಊಟವಾದ ಮೇಲೆ ‘ಮಲಗು’ ಎನ್ನುವ ಬದಲು ಒಂದು ಗಂಟೆ ಸದ್ದಿಲ್ಲದ ಹೊತ್ತು ಮಾಡಿ: ಚಾಪೆ ಇರಲಿ, ಚಿತ್ರದ ಪುಸ್ತಕವೋ ಗೊಂಬೆಯೋ ಇರಲಿ, ಮೊಬೈಲು ಟಿವಿ ಬೇಡ. ನಿದ್ದೆ ಬಂದರೆ ಬರಲಿ, ಮೂರು ಮೂರೂವರೆಗೆ ಎಬ್ಬಿಸಿ. ಬಾರದ ದಿನ ರಾತ್ರಿಯ ಊಟವನ್ನು ಏಳಕ್ಕೇ ಮುಗಿಸಿ, ಎಂಟರೊಳಗೆ ದೀಪ ಆರಿಸಿ. ಸಂಜೆಯ ಸ್ಕೂಟರ್ ಸುತ್ತಾಟವನ್ನು ಕೆಲವು ವಾರ ನಿಲ್ಲಿಸಿ. ಒಂದು ದಿನ ಮಲಗಿ ಒಂದು ದಿನ ಮಲಗದಿರುವ ಈ ಅವಧಿ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ನಡೆಯಬಹುದು. ಕಾಯಬೇಕು.

ಮೊದಲ ವರ್ಷದ ಹಸಿವು ಎರಡನೆಯ ವರ್ಷಕ್ಕಿಲ್ಲ

ಎರಡನೆಯ ಚಿಂತೆ ಊಟದ್ದು. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗೆ ಹಿಸುಕಿದ ಬೇಳೆ ಅನ್ನ, ಬೇಯಿಸಿದ ತರಕಾರಿ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದು ಬೇಡವೇ ಬೇಡ. ಬಾಟುಲಿಸಂ ಎಂಬ ಅಪರೂಪದ ಆದರೆ ಅಪಾಯಕಾರಿ ಕಾಯಿಲೆ ಅದರಿಂದ ಬರಬಹುದು. ಇಷ್ಟನ್ನು ಈಗ ಬಹಳ ಮನೆಗಳಲ್ಲಿ ಬಲ್ಲರು. ಗಾಬರಿ ಶುರುವಾಗುವುದು ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ. ಬಟ್ಟಲು ತುಂಬ ತಿನ್ನುತ್ತಿದ್ದ ಮಗು ನಾಲ್ಕು ತುತ್ತಿಗೆ ಬಾಯಿ ಮುಚ್ಚುತ್ತದೆ.

ಇಲ್ಲಿ ತೂಕದ ಲೆಕ್ಕ ತಿಳಿದಿರಲಿ. ಮೂರು ಕೆ.ಜಿ. ಹುಟ್ಟಿದ ಮಗು ಐದು ತಿಂಗಳ ಹೊತ್ತಿಗೆ ಸುಮಾರು ಆರು ಕೆ.ಜಿ., ವರ್ಷ ತುಂಬುವಾಗ ಸುಮಾರು ಒಂಬತ್ತು ಕೆ.ಜಿ. ಆಗುತ್ತದೆ. ಅಂದರೆ ಒಂದೇ ವರ್ಷದಲ್ಲಿ ಮೂರುಪಟ್ಟು. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಆ ಹೊತ್ತಿನಲ್ಲಿ ಟಿವಿ ಮುಂದೆ ಕೂರಿಸಿ, ಬೀದಿ ನಾಯಿಯನ್ನು ತೋರಿಸಿ ತುತ್ತು ತುರುಕಿದರೆ ಮಗು ತನ್ನ ಹೊಟ್ಟೆಯ ಮಾತು ಕೇಳುವುದನ್ನೇ ಮರೆಯುತ್ತದೆ.

ಇನ್ನೊಂದನ್ನು ಗಮನಿಸಿ. ಊಟ ಮಾಡಲಿಲ್ಲವಲ್ಲ, ಹಾಲಾದರೂ ಕುಡಿಯಲಿ ಎಂದು ಲೋಟದ ಮೇಲೆ ಲೋಟ ಹಸುವಿನ ಹಾಲು ಕೊಡುವ ಮನೆಗಳಿವೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರು ಮೀರಬಾರದು. ಹೆಚ್ಚಾದರೆ ಊಟದ ಹಸಿವು ಸಾಯುತ್ತದೆ, ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆಯಾದ್ದರಿಂದ ರಕ್ತಹೀನತೆಯೂ ಬರಬಹುದು. ಹಾಲು ಕಡಿಮೆ ಮಾಡಿ, ಮನೆಯವರ ಜೊತೆ ಕೂರಿಸಿ, ಮಗುವಿನದೇ ತಟ್ಟೆಯಲ್ಲಿ ಸ್ವಲ್ಪವೇ ಬಡಿಸಿ. ಖಾರ ಹಾಕುವ ಮುನ್ನ ಪಲ್ಯವನ್ನೋ ಸಾರನ್ನೋ ತೆಗೆದಿಟ್ಟರೆ ಬೇರೆ ಅಡುಗೆ ಬೇಕಿಲ್ಲ. ಏನು, ಯಾವಾಗ ಬಡಿಸಬೇಕು ಎಂಬುದು ನಿಮ್ಮ ಕೈಯಲ್ಲಿರಲಿ, ಎಷ್ಟು ತಿನ್ನಬೇಕು ಎಂಬುದು ಮಗುವಿಗೆ ಬಿಟ್ಟದ್ದು.

‘ನಾನೇ ಮಾಡ್ತೀನಿ’

ಎರಡು ವರ್ಷದ ಆಚೀಚೆ ಈ ಮಾತು ಮನೆಗೆ ಬರುತ್ತದೆ. ಚಪ್ಪಲಿ ನಾನೇ ಹಾಕ್ತೀನಿ, ಚೊಂಬು ನಾನೇ ಹಿಡೀತೀನಿ. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಸ್ನಾನ ಅರ್ಧ ಗಂಟೆ ಎಳೆಯುತ್ತದೆ. ದಿನಚರಿ ಇಲ್ಲಿಯೂ ಹಳತಾಗಿದೆ. ಅದು ಸುಮ್ಮನೆ ಕೈಕಾಲು ಬಿಟ್ಟುಕೊಂಡಿರುತ್ತಿದ್ದ ಮಗುವಿಗೆ ಮಾಡಿದ್ದು. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಎಲ್ಲವನ್ನೂ ಬಿಟ್ಟುಕೊಡಲು ಆಗುವುದಿಲ್ಲ, ಸರಿ. ಒಂದು ಕೆಲಸವನ್ನು ಪೂರ್ತಿ ಬಿಟ್ಟುಕೊಡಿ. ಕಾಲಿಗೆ ನೀರು ಹಾಕಿಕೊಳ್ಳುವುದು ಮಗುವಿನ ಪಾಲು, ತಲೆಗೆ ಹಾಕುವುದು ನಿಮ್ಮ ಪಾಲು. ಅಷ್ಟಕ್ಕೆ ಹತ್ತು ನಿಮಿಷ ಮೊದಲೇ ಸ್ನಾನ ಶುರುಮಾಡಿ.

ಶೌಚದ ಅಭ್ಯಾಸವೂ ಹೀಗೆಯೇ. ಎರಡು ಗಂಟೆ ಚಡ್ಡಿ ಒದ್ದೆಯಾಗದಿರುವುದು, ಬಂತು ಎಂದು ಹೇಳುವುದು ಅಥವಾ ಮೂಲೆಗೆ ಹೋಗಿ ನಿಲ್ಲುವುದು, ಚಡ್ಡಿ ತಾನೇ ಇಳಿಸಲು ನೋಡುವುದು: ಇವು ಸಿದ್ಧತೆಯ ಗುರುತುಗಳು. ಒಂದೂವರೆಯಿಂದ ಮೂರು ವರ್ಷದೊಳಗೆ ಬೇರೆ ಬೇರೆ ಮಕ್ಕಳಲ್ಲಿ ಬೇರೆ ಬೇರೆ ಹೊತ್ತಿಗೆ ಕಾಣುತ್ತವೆ. ಬಲವಂತ ಮಾಡಿದರೆ ಮಗು ಮಲವನ್ನು ತಡೆದಿಟ್ಟುಕೊಂಡು ಮಲಬದ್ಧತೆ ತಂದುಕೊಳ್ಳುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುವುದು ಐದು ವರ್ಷದವರೆಗೂ ಸಹಜ. ಅದಕ್ಕಾಗಿ ಬೈಯುವುದು, ನೆಂಟರ ಮುಂದೆ ಹೇಳಿ ನಗುವುದು ಎರಡೂ ಮಗುವಿಗೆ ಮಾಡುವ ಅನ್ಯಾಯ.

ಮೂರು ತುಂಬಿದ ಮೇಲೆ ಅಂಗನವಾಡಿಯೋ ಶಿಶುವಿಹಾರವೋ ಸೇರಿದರೆ ದಿನದ ಕ್ರಮ ಇನ್ನೊಮ್ಮೆ ಮಗುಚುತ್ತದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಆಯ್ಕೆಯಾದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಊಟದ ಜೊತೆಗೆ ಆಟ, ಪಾಠದ ವ್ಯವಸ್ಥೆ ಅಂಗನವಾಡಿಗಳಲ್ಲಿದೆ. ಸೇರಿಸುವ ಎರಡು ವಾರ ಮೊದಲೇ ಮನೆಯ ತಿಂಡಿ ಮತ್ತು ಊಟವನ್ನು ಅಲ್ಲಿನ ಹೊತ್ತಿಗೆ ಹೊಂದಿಸಿದರೆ ಮೊದಲ ದಿನಗಳ ಅಳು ಅರ್ಧ ಹಗುರಾಗುತ್ತದೆ.

ಬದಲಿಸುವ ಮುನ್ನ ಮೂರು ಪ್ರಶ್ನೆ

ಕ್ರಮ ತಪ್ಪಿದಾಗಲೆಲ್ಲ ಬದಲಿಸಬೇಕಿಲ್ಲ. ಮೊದಲ ಪ್ರಶ್ನೆ: ಜ್ವರ, ಶೀತ, ಹಲ್ಲು ಹುಟ್ಟುವುದು, ಊರಿಗೆ ಹೋಗಿ ಬಂದದ್ದು, ಹೊಸ ತಮ್ಮನೋ ತಂಗಿಯೋ ಬಂದದ್ದು, ಇಂಥ ಕಾರಣ ಏನಾದರೂ ಇದೆಯೇ? ಇದ್ದರೆ ಹಳೆಯ ಕ್ರಮವನ್ನೇ ಇಟ್ಟುಕೊಂಡು ಕಾಯಿರಿ. ಎರಡನೆಯದು: ಎರಡು ವಾರದಿಂದ ಬಹುತೇಕ ದಿನ ಹೀಗೆಯೇ ಆಗುತ್ತಿದೆಯೇ? ಮೂರನೆಯದು: ನಿದ್ದೆಯೋ ಊಟವೋ ಬಿಟ್ಟ ಮೇಲೂ ಮಗು ಆಡಿಕೊಂಡು ಗೆಲುವಾಗಿದೆಯೇ? ಈ ಎರಡಕ್ಕೂ ಹೌದು ಎಂದಾದರೆ ಮಗು ಆ ಕ್ರಮವನ್ನು ದಾಟಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ದಿನಕ್ಕೆ ಹದಿನೈದು ನಿಮಿಷದಷ್ಟೇ ಸರಿಸಿ. ಸ್ನಾನ, ಊಟ, ಕತೆ, ನಿದ್ದೆ ಎಂಬ ಅನುಕ್ರಮವನ್ನು ಮುಟ್ಟಬೇಡಿ. ಗಡಿಯಾರ ಓದಲು ಬಾರದ ಮಗುವಿಗೆ ಮುಂದೇನು ಎಂದು ತಿಳಿಯುವುದು ಈ ಅನುಕ್ರಮದಿಂದ, ಅದರ ಧೈರ್ಯ ಇರುವುದೂ ಅದರಲ್ಲೇ.

ತೂಕ ಇಳಿಯುತ್ತಿದ್ದರೆ, ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟಿದಂತಾದರೆ, ಆಡುತ್ತಿದ್ದ ಮಾತು ಅಥವಾ ಕಲಿತ ಕೆಲಸ ಮರೆತುಹೋದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ನಕ್ಷೆ ಇರುತ್ತದೆ. ತೂಕ ಹಾಕಿಸಿದಾಗಲೆಲ್ಲ ಅದರಲ್ಲಿ ಗುರುತು ಮಾಡಿಸಿಕೊಳ್ಳಿ.

ಇನ್ನು ಹಿರಿಯರ ಮಾತು. ‘ನಮ್ಮ ಕಾಲದಲ್ಲಿ ಮಧ್ಯಾಹ್ನ ಎಲ್ಲ ಮಕ್ಕಳೂ ಮಲಗುತ್ತಿದ್ದರು’ ಎಂದು ಅತ್ತೆಯವರು ಹೇಳಿದರೆ ವಾದಕ್ಕಿಳಿಯಬೇಡಿ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅವರೇ ಆಗಿದ್ದರೆ ಬದಲಾವಣೆಯ ಮೊದಲ ಸುಳಿವು ಸಿಗುವುದೂ ಅವರಿಗೇ. ‘ಈ ವಾರ ಎಷ್ಟು ಹೊತ್ತಿಗೆ ಕಣ್ಣುಜ್ಜಿದ ಅತ್ತೆ?’ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಹೊಸ ಕ್ರಮವನ್ನು ಅವರನ್ನು ಸೇರಿಸಿಕೊಂಡೇ ಹಾಕಿ; ಮನೆಯಲ್ಲಿ ಎಲ್ಲರೂ ಒಂದೇ ಕ್ರಮ ಹಿಡಿದರೆ ಮಾತ್ರ ಅದು ನಿಲ್ಲುತ್ತದೆ.

ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ಮನೆಯವರೆಲ್ಲ ಕೂತು ಮಗುವಿನ ದಿನವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಮ್ಮೆ ಹೇಳಿಕೊಳ್ಳಿ. ಯಾವುದು ಈಗ ಬೇಡ, ಯಾವುದನ್ನು ಮಗು ತಾನೇ ಮಾಡಬಲ್ಲದು ಎಂದು ನೋಡಿ. ಮಗು ಒಂದು ಕೆಲಸ ಕಲಿತಾಗ ನಿಮಗೆ ದಿನದಲ್ಲಿ ಒಂದಿಷ್ಟು ಹೊತ್ತು ಬಿಡುವಾಗುತ್ತದೆ. ಆ ಬಿಡುವಿನಲ್ಲಿ ಒಂದು ಪಾಲನ್ನು ಮಗುವಿನ ಜೊತೆ ಸುಮ್ಮನೆ ಕೂರುವುದಕ್ಕೆ ತೆಗೆದಿಡಿ. ಮುಂದಿನ ಬದಲಾವಣೆ ಏನು ಎಂಬುದನ್ನು ನೀವು ಅಲ್ಲಿಯೇ ಮೊದಲು ಕಾಣುತ್ತೀರಿ.