ಮುಟ್ಟು ನಿಲ್ಲುವ ಹೊತ್ತಿಗೆ

ಡಿಸೆಂಬರಿನ ಪುಣೆ. ಮನೆಮಂದಿಯೆಲ್ಲ ರಜಾಯಿ ಹೊದ್ದು ಮಲಗಿರುವಾಗ ನಲವತ್ತಾರರ ಗೃಹಿಣಿ ಮಾತ್ರ ಬೆವತು ಎದ್ದು ಫ್ಯಾನ್ ಹಾಕುತ್ತಾಳೆ. ಎದೆಯಿಂದ ಮುಖಕ್ಕೆ ಗುಪ್ಪೆಂದು ಬಿಸಿ ಏರುತ್ತದೆ, ನಾಲ್ಕೈದು ನಿಮಿಷಕ್ಕೆ ಇಳಿಯುತ್ತದೆ, ಆಮೇಲೆ ಚಳಿ. ಮನೆಯವರು ‘ಟೆನ್ಷನ್’ ಎಂದುಬಿಡುತ್ತಾರೆ. ಅದು ಟೆನ್ಷನ್ ಅಲ್ಲ. ಈಸ್ಟ್ರೋಜನ್ ಇಳಿಮುಖವಾದಾಗ ಮೆದುಳು ಮೈಯ ಶಾಖವನ್ನು ಹದದಲ್ಲಿಡಲು ಪರದಾಡುತ್ತದೆ.

ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧ. ಪಾಶ್ಚಾತ್ಯ ಮಹಿಳೆಯರಿಗೆ ಸುಮಾರು 51ಕ್ಕೆ ಬಂದರೆ, ನಮ್ಮವರಿಗೆ 46–47ಕ್ಕೇ ಬರುತ್ತದೆ. ನಿದ್ದೆಗೇಡು, ಮರೆವು, ಸಿಡುಕು ಅದಕ್ಕೂ ಕೆಲವು ವರ್ಷ ಮೊದಲೇ ಶುರುವಾಗಬಹುದು.

ಸದ್ದಿಲ್ಲದೆ ಸವೆಯುವುದು ಮೂಳೆ. ನಲವತ್ತು ದಾಟಿದ ನಗರವಾಸಿ ಮಹಿಳೆಯರಲ್ಲಿ ಮೂಳೆಸಾಂದ್ರತೆ ಕಡಿಮೆಯಿರುವುದನ್ನು ಪುಣೆಯ ಸಂಶೋಧಕರೇ ಗುರುತಿಸಿದ್ದಾರೆ. ರಾಗಿ, ಎಳ್ಳು, ಮೊಸರು ತಟ್ಟೆಯಲ್ಲಿರಲಿ. ಬಿಸಿಲಲ್ಲಿ ಬಿರುಸಿನ ನಡಿಗೆ, ಜೊತೆಗೆ ಒಂದಿಷ್ಟು ಭಾರ ಎತ್ತುವ ವ್ಯಾಯಾಮವೂ ಬೇಕು.

‘ಇನ್ನೇಕೆ ಗರ್ಭಕೋಶ, ತೆಗೆಸಿಬಿಡಿ’ ಎಂಬ ಸಲಹೆಗೆ ಮಾತ್ರ ಸುಲಭವಾಗಿ ತಲೆಯಾಡಿಸಬಾರದು. ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ವಲಸೆ ಬರುವ ಬೀಡ್ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾದದ್ದು 2019ರ ಸರ್ಕಾರಿ ತನಿಖೆಯಲ್ಲಿ ಹೊರಬಿತ್ತು. ಹಲವರಿಗೆ ನಲವತ್ತೂ ತುಂಬಿರಲಿಲ್ಲ. ಅಂಡಾಶಯವನ್ನೂ ತೆಗೆದರೆ ಋತುಬಂಧ ಒಮ್ಮೆಗೇ ಬಂದೆರಗುತ್ತದೆ. ನಿಜವಾಗಿ ಅಗತ್ಯವೇ ಎಂದು ಇನ್ನೊಬ್ಬ ವೈದ್ಯರನ್ನೂ ಕೇಳಿ.

ಬಿಸಿಯೇರಿಕೆ ತೀರಾ ಕಾಡಿದರೆ ಹಾರ್ಮೋನ್ ಚಿಕಿತ್ಸೆಯಿದೆ. ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಸ್ತ್ರೀರೋಗ ತಜ್ಞರ ಬಳಿ ಹೋಗಿ.